ನಿಮ್ಮ ಅಡ್ಡಹೆಸರೇನ್ರಿ?

ಚಿಕ್ಕೋಡಿಗೆ ಬಂದು ಮೂರು ದಿನವಾಗಿತ್ತು. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ನಿಂತಿದ್ದೆ. ನನಗಿಂತ ಮುಂದಿದ್ದ ಹೆಂಗಸು ತಿರುಗಿ ನೋಡಿ, "ಹೊಸದಾಗಿ ಬಂದೀರೇನ್ರಿ? ಅಡ್ಡಹೆಸರೇನ್ರಿ ನಿಮ್ದು?" ಎಂದರು. ನನಗೆ ಸಿಟ್ಟು ಬಂತು. ನಮ್ಮ ಶಿವಮೊಗ್ಗದ ಕಡೆ ಅಡ್ಡಹೆಸರೆಂದರೆ ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರು. ಅದನ್ನು ಯಾರೂ ಮುಖಕ್ಕೆ ಮುಖ ಕೊಟ್ಟು ಕೇಳುವುದಿಲ್ಲ. ಇಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು, ಪಾಟೀಲ, ಮಗದುಮ್ಮ, ಚೌಗಲೆ, ಕುಲಕರ್ಣಿ ಇತ್ಯಾದಿ. ನನಗಿರುವುದು ಹೆಸರು, ಅದರ ಹಿಂದೆ ಊರಿನದೊಂದು, ಅಪ್ಪನದೊಂದು ಅಕ್ಷರ. "ಅಡ್ಡಹೆಸರ ಇಲ್ದ ಹ್ಯಾಂಗ್ರಿ ಅಕ್ಕಾರ?" ಎಂದು ಅವರು ನಿಜವಾಗಿಯೂ ಕನಿಕರಪಟ್ಟರು.

ನನಗಾಗ ನಲವತ್ತೇಳು. ಗಂಡನಿಗೆ ಬ್ಯಾಂಕಿನಲ್ಲಿ ಬಡ್ತಿಯ ಜೊತೆಗೇ ವರ್ಗವಾಗಿತ್ತು. ಇಪ್ಪತ್ತು ವರ್ಷ ಮನೆಪಾಠ ಹೇಳುತ್ತಿದ್ದವಳು ಎಲ್ಲ ಕಟ್ಟಿಟ್ಟು ಬಂದಿದ್ದೆ. ಆ ವಯಸ್ಸಿನಲ್ಲಿ ಊರು ಬದಲಿಸುವುದರ ಕಷ್ಟ ಸಾಮಾನು ಸಾಗಿಸುವುದಲ್ಲ. ಅಷ್ಟು ಹೊತ್ತಿಗೆ ನಾವು ನಾಲ್ಕು ಜನ ಬಂದು ಕೇಳುವಂಥವರಾಗಿರುತ್ತೇವೆ. ಒಮ್ಮೆಲೇ ಎಲ್ಲವನ್ನೂ ಬೇರೆಯವರನ್ನು ಕೇಳಬೇಕಾಗುತ್ತದೆ, ಕೇಳಲು ನಾಚಿಕೆಯಾಗುತ್ತದೆ. ಗೂಗಲ್ ಮ್ಯಾಪ್ ಇದೆಯಲ್ಲ ಎಂದು ನಾನು ಆರು ತಿಂಗಳು ಯಾರನ್ನೂ ಏನೂ ಕೇಳಲಿಲ್ಲ. ಆ ಆರು ತಿಂಗಳಲ್ಲಿ ನನ್ನನ್ನೂ ಯಾರೂ ಕೇಳಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಗೆ ವರ್ಗವಾಗಿಯೋ, ವ್ಯಾಪಾರಕ್ಕೋ, ಪುಣೆ–ಮುಂಬಯಿಯ ಕೆಲಸ ಬಿಟ್ಟು ಹಿರಿಯರ ಊರಿಗೆ ಮರಳಿಯೋ ಬರುತ್ತಿರುವವರು ಯಾವುದನ್ನು ಯಾರಲ್ಲಿ ಕೇಳಬೇಕು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆ. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು ಎನ್ನುವುದಕ್ಕೂ ಮುಂಚೆ ಒಂದು ಪ್ರಶ್ನೆ ಇದೆ: "2019ರಾಗ ನೀರ ಎಲ್ಲೀ ತನಕ ಬಂದಿತ್ರಿ?" ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಲ್ಲಿ ಇದಕ್ಕೆ ಉತ್ತರ ಬೆರಳಿನಲ್ಲೇ ಬರುತ್ತದೆ. ಗೋಡೆಯ ಮೇಲೆ ಇಲ್ಲೀ ತನಕ ಎಂದು ತೋರಿಸುತ್ತಾರೆ. 2005, 2019, 2021, ಈ ಮೂರೂ ವರ್ಷಗಳನ್ನು ಇಲ್ಲಿಯವರು ಮನೆಯ ಮದುವೆ ಮುಂಜಿಯ ವರ್ಷಗಳಂತೆ ನೆನಪಿಟ್ಟಿದ್ದಾರೆ. ಚಿಕ್ಕೋಡಿ ಪಟ್ಟಣ ಎತ್ತರದಲ್ಲಿದೆ, ಅಲ್ಲಿ ಆ ಹೆದರಿಕೆಯಿಲ್ಲ. ಆದರೆ ಕಲ್ಲೋಳ, ಯಡೂರ, ಮಾಂಜರಿ, ಇಂಗಳಿ, ಸದಲಗಾ, ಕಾರದಗಾ, ಉಗಾರ, ಕುಡಚಿ ಕಡೆ ಮನೆ ನೋಡುವವರು ಕೇಳದೆ ಮುಂಗಡ ಕೊಡಬಾರದು. ಮಾಲೀಕರನ್ನಲ್ಲ, ಎದುರು ಮನೆಯ ಅಜ್ಜಿಯನ್ನು ಕೇಳಿ.

ಮಲೆನಾಡಿನಿಂದ ಬಂದ ನನಗೆ ಅರ್ಥವಾಗದೇ ಹೋಗಿದ್ದು ಇದು: ನಮ್ಮಲ್ಲಿ ಮಳೆ ಬಂದರೆ ಹೊಳೆ ಬರುತ್ತದೆ. ಇಲ್ಲಿ ತಲೆಯ ಮೇಲೆ ಬಿಸಿಲಿದ್ದಾಗಲೇ ಹೊಳೆ ಬರುತ್ತದೆ. ಮಳೆ ಸುರಿಯುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಯ ಘಟ್ಟದಲ್ಲಿ. ತುಂಬುವುದು ನಮ್ಮ ಹಳ್ಳಿಗಳು. ಜುಲೈ, ಆಗಸ್ಟ್ ತಿಂಗಳಲ್ಲಿ ಚಹಾದಂಗಡಿಯಲ್ಲಿ ಜನ ಮಾತಾಡುವುದು ಕೊಯ್ನಾ ಆಣೆಕಟ್ಟೆ ಎಷ್ಟು ತುಂಬಿದೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಎಂದು. ಅದು ರಾಜಕೀಯದ ಮಾತೆಂದು ತಿಳಿದು ನಾನು ಎದ್ದು ಹೋಗುತ್ತಿದ್ದೆ. ನಿಜವಾಗಿ ಅದು ನಾಳೆ ಯಾವ ಸೇತುವೆ ಮುಳುಗುತ್ತದೆ ಎಂಬ ಲೆಕ್ಕ. ಕಲ್ಲೋಳ–ಯಡೂರ ನಡುವಿನ ಸೇತುವೆ, ಕುಡಚಿ–ಉಗಾರ ನಡುವಿನ ಸೇತುವೆ ಮುಳುಗಿದರೆ ಹತ್ತು ನಿಮಿಷದ ಊರಿಗೆ ಸುತ್ತಿ ಹೋಗಬೇಕು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಏರಿ ಪುಣೆ–ಬೆಂಗಳೂರು ಹೆದ್ದಾರಿಯೇ ನಿಂತದ್ದಿದೆ. ಸರ್ಕಾರಿ ವರ್ಗಾವಣೆಗಳು ಸಾಮಾನ್ಯವಾಗಿ ಮಳೆಗಾಲದ ಬಾಗಿಲಲ್ಲೇ ಆಗುತ್ತವೆ. ಮೊದಲ ಮಳೆಗಾಲದಲ್ಲಿ ಪುಸ್ತಕ, ಅಂಕಪಟ್ಟಿ, ಆಸ್ತಿ ಕಾಗದಗಳನ್ನು ಅಟ್ಟದ ಮೇಲೆಯೇ ಇಡಿ.

ಎರಡನೇ ಪ್ರಶ್ನೆ, "ನಳ ಎಷ್ಟು ದಿನಕ್ಕೊಮ್ಮೆ ಬರ್ತೈತ್ರಿ?" ನಲ್ಲಿಗೆ ಇಲ್ಲಿ ನಳ. ನಳ ಬರುವ ಹೊತ್ತು ಓಣಿಯಿಂದ ಓಣಿಗೆ ಬೇರೆ, ಯಾವ ಫಲಕದ ಮೇಲೂ ಬರೆದಿರುವುದಿಲ್ಲ. ಟಾಕಿ ಎಷ್ಟು ದೊಡ್ಡದು ನೋಡಿ. ಮೂರನೆಯದನ್ನು ನೀವು ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತಾರೆ: "ನೀವು ಏನ್ ಉಣ್ತೀರಿ?" ಜೈನರು, ಲಿಂಗಾಯತರು ಬಹಳ ಇರುವ ಸೀಮೆ. ಮಾಂಸ ಬೇಯಿಸುವವರಾದರೆ ಮೊದಲ ದಿನವೇ ಹೇಳಿಬಿಡಿ. ಅಡಗಿಸಿಟ್ಟು ಬಾಡಿಗೆಗೆ ಬಂದವರ ಕಥೆ ಓಣಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಐದೂ ಊರುಗಳನ್ನು ಒಂದೇ ಎಂದು ತಿಳಿಯಬೇಡಿ. ಚಿಕ್ಕೋಡಿ ಕಚೇರಿಗಳ ಊರು: ಉಪವಿಭಾಗಾಧಿಕಾರಿ, ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಕೆಎ 23 ಸಂಖ್ಯೆಯ ಆರ್‌ಟಿಒ, ಜೊತೆಗೆ ತನ್ನನ್ನೇ ಜಿಲ್ಲೆ ಮಾಡಬೇಕೆಂಬ ಹಳೆಯ ಬೇಡಿಕೆ. ನಿಪ್ಪಾಣಿ ಹೆದ್ದಾರಿಯ ಮೇಲಿನ ಪೇಟೆ, ಬೀಡಿ ತಂಬಾಕಿನ ಊರು, ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಕಾಗವಾಡದಿಂದ ಮಿರಜ ಇನ್ನೂ ಹತ್ತಿರ, ಸಂಜೆ ಹೋಗಿ ರಾತ್ರಿ ಊಟಕ್ಕೆ ಬರಬಹುದು. ಅಥಣಿ ಪೂರ್ವಕ್ಕೆ ಸರಿದ ಬಯಲು. ಮಳೆ ಕಡಿಮೆ, ಕನ್ನಡ ಹೆಚ್ಚು, ಮುಖ ವಿಜಯಪುರ, ಜಮಖಂಡಿಯ ಕಡೆಗೂ ತಿರುಗಿದೆ. ರಾಯಬಾಗಕ್ಕೆ ರೈಲಿದೆ, ಆದರೆ ಸ್ಟೇಷನ್ ಊರೊಳಗಿಲ್ಲ. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣದ ಹೆಸರು ನೋಡಿ ಇಳಿದು ಚಿಕ್ಕೋಡಿ ಎಲ್ಲಿ ಎಂದು ಹುಡುಕಿದವರಲ್ಲಿ ನಮ್ಮ ಭಾವನೂ ಒಬ್ಬರು; ಅಲ್ಲಿಂದ ಪಟ್ಟಣ ಬಹಳ ದೂರ. ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳಾಗಿ ಇನ್ನೂ ಹೆಚ್ಚು ವರ್ಷವಾಗಿಲ್ಲ. 2018ಕ್ಕಿಂತ ಹಿಂದಿನ ಕಾಗದಗಳಲ್ಲಿ ಅವು ಚಿಕ್ಕೋಡಿ, ಅಥಣಿಯ ಕೆಳಗೇ ಇರುತ್ತವೆ. ಹಿರಿಯರ ಜಮೀನಿಗೆ ಮರಳಿದವರು ಹಳೆಯ ದಾಖಲೆ ಹುಡುಕುವಾಗ ಇದನ್ನು ನೆನಪಿಡಬೇಕು.

ಹೊಸಬರು ಮಾಡುವ ದೊಡ್ಡ ತಪ್ಪು, ರಾಜ್ಯದ ಗಡಿಯನ್ನೇ ಊರಿನ ಅಂಚು ಎಂದುಕೊಳ್ಳುವುದು. ಬದುಕು ಆ ಗೆರೆಯನ್ನು ದಿನಾ ದಾಟುತ್ತದೆ. ನಿಪ್ಪಾಣಿಯ ಮಕ್ಕಳು ಓದುವ ದೇವಚಂದ ಕಾಲೇಜು ಇರುವುದು ಅರ್ಜುನನಗರದಲ್ಲಿ, ಅಂದರೆ ಮಹಾರಾಷ್ಟ್ರದ ನೆಲದಲ್ಲಿ. ಅದು ಸೇರಿರುವುದು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ. ಮೈಗೆ ಆರಾಮಿಲ್ಲವೆಂದರೆ ಕಾಗವಾಡ, ಅಥಣಿಯವರು ಮಿರಜಕ್ಕೆ ಹೊರಡುತ್ತಾರೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಬಿದ್ದ ದಾರಿ ಅದು. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಚಿಕ್ಕೋಡಿಯವರು ಸಂದರ್ಭ ನೋಡಿ ಬೆಳಗಾವಿಗೋ ಮಿರಜಕ್ಕೋ. ಆದ್ದರಿಂದ ಮೊದಲ ವಾರವೇ ಆರೋಗ್ಯ ವಿಮೆಯ ಕಂಪನಿಗೆ ಫೋನು ಮಾಡಿ, ಮಿರಜ, ಸಾಂಗಲಿ, ಕೊಲ್ಲಾಪುರದ ಯಾವ ಆಸ್ಪತ್ರೆಗಳು ಅವರ ಪಟ್ಟಿಯಲ್ಲಿವೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕರ್ನಾಟಕದ ಸರ್ಕಾರಿ ಯೋಜನೆಯ ಕಾರ್ಡನ್ನೇ ನಂಬಿದವರು ಅದು ಗಡಿಯಾಚೆ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ರಾತ್ರಿ ಎದೆನೋವು ಬಂದಾಗ ಕೇಳುವ ಪ್ರಶ್ನೆಯಲ್ಲ ಅದು.

ಕಾಗದಪತ್ರದ ಉಳಿದ ಕೆಲಸ ಎಲ್ಲ ಕಡೆಯಂತೆಯೇ. ಆಧಾರ್ ವಿಳಾಸ, ಗ್ಯಾಸು, ಪಡಿತರ. ಕರೆಂಟು ಇಲ್ಲಿ ಹೆಸ್ಕಾಂ. ಮತದಾರರ ಪಟ್ಟಿಗೆ ಈಗ ನಮೂನೆ 8 ಸಾಕು. ಮಹಾರಾಷ್ಟ್ರದ ಗಾಡಿ ತಂದವರು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕರ್ನಾಟಕದ ನೋಂದಣಿ ಮಾಡಿಸಬೇಕು. ಎಂಎಚ್ 09, ಎಂಎಚ್ 10 ಗಾಡಿಗಳು ಬೀದಿ ತುಂಬ ಇವೆ ಎಂದು ನೆಮ್ಮದಿಯಿಂದಿರಬೇಡಿ. ಮಕ್ಕಳನ್ನು ಮರಾಠಿ ಮಾಧ್ಯಮದ ಶಾಲೆಯಿಂದ ಕರೆತರುವವರಿಗೆ ಇಲ್ಲೂ ಮರಾಠಿ ಶಾಲೆಗಳು ಸಿಗುತ್ತವೆ, ಕನ್ನಡವನ್ನು ಮಾತ್ರ ಕಲಿಯಲೇಬೇಕು.

ಹಣದ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ. ಈ ಭಾಗ ಸಹಕಾರಿ ಸಂಘಗಳ ತವರು. ಸಕ್ಕರೆ ಕಾರ್ಖಾನೆಯಿಂದ ಹಿಡಿದು ಓಣಿಯ ಪತ್ತಿನ ಸಂಘದವರೆಗೆ ಎಲ್ಲದರಲ್ಲೂ ಜನರೇ ಷೇರುದಾರರು. ಬಂದ ತಿಂಗಳೊಳಗೆ ಪಿಗ್ಮಿ ಕಟ್ಟಿಸಿಕೊಳ್ಳುವವರು ಬಾಗಿಲಿಗೆ ಬರುತ್ತಾರೆ. ದಿನಾ ಐವತ್ತು ರೂಪಾಯಿ ಕಟ್ಟಿ, ತಪ್ಪಿಲ್ಲ: ಊರಿನ ಎಲ್ಲ ಮನೆಯ ಬಾಗಿಲು ಬಲ್ಲ ಮನುಷ್ಯ ದಿನಾ ನಿಮ್ಮ ಮನೆಗೂ ಬಂದಂತಾಗುತ್ತದೆ. ಬಾಡಿಗೆ ಮನೆ, ಕೆಲಸದವರು, ಒಳ್ಳೆಯ ಟ್ಯೂಷನ್, ಎಲ್ಲದರ ಸುದ್ದಿ ನನಗೆ ಸಿಕ್ಕಿದ್ದು ಹಾಗೆಯೇ. ಆದರೆ ನಿವೃತ್ತಿಯ ಹಣ, ಮನೆ ಮಾರಿ ಬಂದ ಹಣವನ್ನು ಎರಡು ಪೈಸೆ ಬಡ್ಡಿ ಹೆಚ್ಚೆಂದು ಪತ್ತಿನ ಸಂಘದಲ್ಲಿ ಇಡುವ ಮುಂಚೆ ಯೋಚಿಸಿ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದೂ ಸೇರಿ, 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಅದು ಇಲ್ಲ. ಬ್ಯಾಂಕಿನವನ ಹೆಂಡತಿ ಅಂತ ಹೇಳುತ್ತಿಲ್ಲ.

ಇನ್ನು ಮಾತು. ಕನ್ನಡ ನನ್ನ ಮನೆಮಾತು, ಇಲ್ಲೂ ಕನ್ನಡ, ಇನ್ನೇನು ಎಂದುಕೊಂಡು ಬಂದವಳು ನಾನು. ಮೊದಲ ವಾರ ಪಕ್ಕದ ಮನೆಯವರು "ಮಗಳಿಗೆ ಆರಾಮಿಲ್ರಿ" ಎಂದಾಗ, "ಹೌದು ಪಾಪ, ಪರೀಕ್ಷೆ ಹತ್ತಿರ ಬಂತಲ್ಲ" ಎಂದೆ. ಹುಡುಗಿಗೆ ಟೈಫಾಯಿಡ್ ಆಗಿತ್ತು. ಲಗೂನ ಎಂದರೆ ಬೇಗ, ಬಾಜೂಕ ಎಂದರೆ ಪಕ್ಕಕ್ಕೆ, ತ್ರಾಸ ಎಂದರೆ ತೊಂದರೆ, ಗದ್ದಲ ಎಂದರೆ ಸದ್ದಲ್ಲ, ಜನಸಂದಣಿ. ಸರದಿಗೆ ಪಾಳಿ. 'ರಿ' ಒಂದನ್ನು ಕಲಿತರೆ ಅರ್ಧ ದಾರಿ ಬಂದಂತೆ. ನಮ್ಮ ಕಡೆಯ ನಯವಾದ "ಬನ್ನಿ, ಕೂತ್ಕೊಳ್ಳಿ" ಇವರ ಕಿವಿಗೆ ಪುಸ್ತಕದಂತೆ, ಇವರ "ಬರ್ರಿ, ಕುಂಡ್ರಿ" ನಮ್ಮ ಕಿವಿಗೆ ಗದರಿದಂತೆ ಕೇಳುತ್ತದೆ. ಎರಡೂ ತಪ್ಪು ತಿಳಿವಳಿಕೆ. ಹಿರಿಯ ಗಂಡಸರಿಗೆ ಕಾಕಾ, ಮಾಮಾ. ಹೆಂಗಸರಿಗೆ ಅಕ್ಕಾರ, ಕಾಕೂ, ಮಾಂವಶಿ. ಹಣ್ಣು ಮುದುಕಿಗೆ ಆಯಿ. ಅಂಕಲ್, ಆಂಟಿ ಬೇಡ. 'ಸಾಹೇಬ' ಶಬ್ದಕ್ಕೆ ಮೋಸ ಹೋಗಬೇಡಿ. ಬಾಳಾಸಾಹೇಬ, ಅಣ್ಣಾಸಾಹೇಬ, ರಾವಸಾಹೇಬ ಇವೆಲ್ಲ ತೊಟ್ಟಿಲಲ್ಲೇ ಇಟ್ಟ ಹೆಸರುಗಳು. ಹಾಲು ಹಾಕಲು ಬರುವ ಹುಡುಗನನ್ನು ಯಾರೋ "ಬಾಬಾಸಾಹೇಬ" ಎಂದು ಕೂಗಿದ್ದು ಕೇಳಿ ನನ್ನ ಗಂಡ ಕುರ್ಚಿಯಿಂದ ಎದ್ದು ನಿಂತಿದ್ದರು.

ಮರಾಠಿ ಇಲ್ಲಿ ಪಕ್ಕದ ರಾಜ್ಯದ ಭಾಷೆಯಲ್ಲ, ಪಕ್ಕದ ಮನೆಯ ಭಾಷೆ. ಕಾಯಿಪಲ್ಯ ಮಾರುವವಳು ನಿಮ್ಮೊಡನೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಲೇ ಇನ್ನೊಬ್ಬರಿಗೆ ಮರಾಠಿಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾಳೆ. ನಾಲ್ಕು ಮಾತು ಕಲಿತರೆ ನಷ್ಟವಿಲ್ಲ. ಗಡಿಯ ವಾದವನ್ನು ಮಾತ್ರ ಮೊದಲ ಚಹಾಕ್ಕೆ ತರಬೇಡಿ. 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ನವೆಂಬರ್ 1ರ ರಾಜ್ಯೋತ್ಸವ, ಅದೇ ದಿನದ ಕರಾಳ ದಿನಾಚರಣೆ, ಎಲ್ಲದರ ಬಗ್ಗೆಯೂ ಇಲ್ಲಿಯವರಿಗೆ ನಿಮಗಿಂತ ಹೆಚ್ಚು ಗೊತ್ತು, ಮತ್ತು ಎರಡೂ ಕಡೆಯವರು ಒಂದೇ ಮನೆಯಲ್ಲಿ ಬೀಗರಾಗಿರುತ್ತಾರೆ. ಈ ಸೀಮೆಯ ಬದುಕನ್ನು ಬರುವ ಮುಂಚೆಯೇ ಸ್ವಲ್ಪ ನೋಡಬೇಕೆಂದರೆ ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಕಾದಂಬರಿ ಓದಿ.

ಊಟದ ಕರೆಯಲ್ಲಿ ನಾನು ಎಡವಿದ್ದು ಹೇಳಬೇಕು. ಪಕ್ಕದ ಜೈನ ಕುಟುಂಬವನ್ನು ರಾತ್ರಿ ಎಂಟಕ್ಕೆ ಊಟಕ್ಕೆ ಕರೆದೆ. "ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ರಿ" ಎಂದು ಆ ಅಕ್ಕ ಮೆತ್ತಗೆ ಹೇಳಿದರು. ಆರು ಗಂಟೆಗೆ ಕರೆದೆ. ಆಲೂಗಡ್ಡೆ ಪಲ್ಯ ಮಾಡಿದ್ದೆ. ನೆಲದಡಿ ಬೆಳೆದದ್ದನ್ನು ಅವರು ಮುಟ್ಟುವುದಿಲ್ಲವೆಂದು ಆಗ ಗೊತ್ತಾಯಿತು. ಮೊಸರನ್ನ ಉಂಡು ಎದ್ದರು, ಬೇಸರಪಡಲಿಲ್ಲ. ಮರುದಿನ ನನ್ನನ್ನು ಕೂಡಿಸಿಕೊಂಡು ಎಲ್ಲ ವಿವರಿಸಿದರು. ಭೋಜದ ಆಚಾರ್ಯ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು, ಇಡೀ ದೇಶದ ದಿಗಂಬರ ಜೈನರು ತಲೆಬಾಗುವ ಮೂವರು ಮುನಿಗಳು ಒಂದು ತಾಸಿನ ಪ್ರಯಾಣದೊಳಗಿನ ಹಳ್ಳಿಗಳವರು ಎಂದು ಆವತ್ತು ತಿಳಿಯಿತು. ಕೇಳದೇ ಮಾಡಿದ ಆಲೂಗಡ್ಡೆ ಪಲ್ಯದಿಂದ ಸಿಕ್ಕ ಪಾಠ.

ಜೋಳದ ರೊಟ್ಟಿಯದ್ದೂ ಅದೇ ಕಥೆ. ಆರು ತಿಂಗಳು ಪ್ಯಾಕೆಟ್ ಹಿಟ್ಟು ತಂದು ಬಡಿದೆ, ಅಂಚು ಒಡೆಯುತ್ತಿತ್ತು. "ಜಿಗಿ ಹೋಗೈತ್ರಿ ಹಿಟ್ಟಿಂದು" ಎಂದು ಗಿರಣಿಯ ಪಾಳಿಯಲ್ಲಿ ಯಾರೋ ಹೇಳಿದರು. ಜೋಳದ ಹಿಟ್ಟು ಹಳತಾದರೆ ಅಂಟು ಬಿಡುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಕುದಿಯುವ ನೀರು ಹಾಕಿ ನಾದಬೇಕು. 2019ರ ಆಗಸ್ಟಿನಲ್ಲಿ ಹೊಳೆದಂಡೆಯ ಊರಿನವರು ಶಾಲೆ, ಕಲ್ಯಾಣಮಂಟಪಗಳಲ್ಲಿ ಬಂದು ಇಳಿದಾಗ ನಮ್ಮ ಓಣಿಯ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿದರು. ನನ್ನನ್ನು ಯಾರೂ ಕರೆದಿರಲಿಲ್ಲ. "ನಾನೂ ಬರಲೇನ್ರಿ?" ಎಂದು ಕೇಳಿದೆ. ನನ್ನ ರೊಟ್ಟಿ ದಪ್ಪ, ವಾರೆ. "ಇರ್ಲಿ ಬಿಡ್ರಿ, ಹಸಿದವ್ರು ಆಕಾರ ನೋಡಂಗಿಲ್ಲ" ಎಂದು ಒಬ್ಬ ಆಯಿ ಬುಟ್ಟಿಗೆ ಹಾಕಿಕೊಂಡರು. ಅಲ್ಲಿಂದ ಮುಂದೆ ನನ್ನ ಹೆಸರು 'ಶಿವಮೊಗ್ಗಿ ಅಕ್ಕಾರ' ಎಂದಾಯಿತು. ಅಡ್ಡಹೆಸರು ಸಿಕ್ಕಿತು ಎನ್ನಿ, ನಮ್ಮ ಕಡೆಯ ಅರ್ಥದಲ್ಲೂ ಇವರ ಅರ್ಥದಲ್ಲೂ.

ನಡುವಯಸ್ಸಿನಲ್ಲಿ ಊರು ಬದಲಿಸಿದವರ ಪೈಕಿ ನನಗೆ ಮತ್ತೆ ಮತ್ತೆ ನೆನಪಾಗುವವರು ಶರದ್ ಜೋಶಿ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವಸಂಸ್ಥೆಯ ಅಂಚೆ ಸಂಸ್ಥೆಯ ಕೆಲಸದಲ್ಲಿದ್ದ ಮನುಷ್ಯ. ನಲವತ್ತರ ಆಸುಪಾಸಿನಲ್ಲಿ ಅದನ್ನು ಬಿಟ್ಟು ಪುಣೆ ಹತ್ತಿರದ ಅಂಬೇಠಾಣದಲ್ಲಿ ಒಣಭೂಮಿ ಕೊಂಡು ತಾನೇ ಬೇಸಾಯಕ್ಕಿಳಿದರು. ನಷ್ಟವಾಯಿತು. ಆ ನಷ್ಟದ ಲೆಕ್ಕವನ್ನು ಇಟ್ಟುಕೊಂಡೇ ಅವರು ರೈತರೊಡನೆ ಮಾತು ಶುರುಮಾಡಿದ್ದು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯ ಮೇಲೆ ಕೂತಾಗ ಮುಂದೆ ನಿಂತವರು ಅವರು. ಆ ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ರೈತರು ಸತ್ತರು. ನಿಪ್ಪಾಣಿಯ ಹಿರಿಯರೊಡನೆ ಕೂತರೆ ಈ ಮಾತು ಬಂದೇ ಬರುತ್ತದೆ. ಬಂದಾಗ ಸುಮ್ಮನೆ ಕೇಳಿ.

ಚಳಿಗಾಲಕ್ಕೆ ಒಂದು ಎಚ್ಚರಿಕೆ: ಕಬ್ಬಿನ ಹಂಗಾಮು ಶುರುವಾದರೆ ಸುಮಾರು ಮಾರ್ಚ್‌ವರೆಗೂ ರಾತ್ರಿ ಸ್ಕೂಟರ್ ಬೇಡ. ಎರಡು ಟ್ರಾಲಿ ಕಟ್ಟಿದ ಟ್ರಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ.

ಕರೆಯುವ, ಹೋಗುವ ರೀತಿಯೂ ಇಲ್ಲಿ ಬೇರೆ. ಮದುವೆಗೆ ಆಯೇರಿ, ಅಂದರೆ ಉಡುಗೊರೆ, ಎಷ್ಟು ಎಂದು ಓಣಿಯವರನ್ನೇ ಕೇಳಿ. ಹೆಚ್ಚು ಕೊಟ್ಟರೂ ಎದುರಿನವರಿಗೆ ತೀರಿಸುವ ಭಾರ. ಅತಿಥಿಗೆ ಟೋಪಿ, ಟಾವೆಲ್ಲು, ತೆಂಗಿನಕಾಯಿ ಕೊಟ್ಟು, ಹೆಂಗಸರಿಗೆ ಉಡಿ ತುಂಬುತ್ತಾರೆ. "ಬೇಡ ಬೇಡ" ಎನ್ನುವುದು ನಮ್ಮ ಕಡೆ ಸೌಜನ್ಯ, ಇಲ್ಲಿ ಮುಖ ತಿರುಗಿಸಿದಂತೆ. ಸೆರಗೊಡ್ಡಿ. ಸಾವಿನ ಮನೆಗೆ ಕರೆ ಇರುವುದಿಲ್ಲ. ಪರಿಚಯ ಎಷ್ಟೇ ತೆಳುವಾಗಿದ್ದರೂ ಮಣ್ಣಿಗೆ ಹೋಗಿ ಬನ್ನಿ, ಮಾತಾಡಬೇಕಿಲ್ಲ. ಮಾಘದ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಕಡೆಯಿಂದ ಎತ್ತಿನ ಗಾಡಿಗಳ ಸಾಲು ಬರುತ್ತದೆ, ಭಂಡಾರ ಹಾರಿಸಿ ಚಾಂಗಭಲೋ ಎನ್ನುತ್ತಾರೆ. ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ, ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಎಳ್ಳ ಅಮವಾಸ್ಯೆಗೆ ಯಾರಾದರೂ "ಹೊಲಕ್ಕ ಬರ್ರಿ, ಚರಗ ಐತಿ" ಎಂದರೆ, ಅದು ಹೊಲದಲ್ಲಿ ಎಡೆ ಚೆಲ್ಲಿ ಅಲ್ಲೇ ಕೂತು ಉಣ್ಣುವ ಕರೆ, ಆ ದಿನದ ಬೇರೆ ಕೆಲಸ ಬಿಟ್ಟುಬಿಡಿ.

ಯಾರೂ ಕರೆಯದಿದ್ದರೆ? ಹೊಸಬರ ನಿಜವಾದ ಚಿಂತೆ ಇದು. ವರ್ಷದಲ್ಲಿ ಎರಡು ದಿನ ಇಲ್ಲಿ ಯಾರ ಮನೆಗೆ ಹೋಗಲೂ ಕಾರಣ ಬೇಕಿಲ್ಲ. ಒಂದು ಸಂಕ್ರಾಂತಿ, ಕುಸುರೆಳ್ಳು ಹಿಡಿದು ಮನೆ ಮನೆಗೆ ಹೋಗಬಹುದು. ಇನ್ನೊಂದು ವಿಜಯದಶಮಿಯ ಸಂಜೆ. ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನುವುದು, ಹಿರಿಯರ ಕಾಲಿಗೆ ನಮಸ್ಕಾರ, ತಟ್ಟೆಯಲ್ಲಿ ಕೊಟ್ಟದ್ದನ್ನು ತಿಂದು ಮುಂದಿನ ಮನೆ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಬಾಗಿಲು ತೆರೆಯುತ್ತಾರೆ. ಮೊದಲ ವರ್ಷ ನಾವು ಮನೆಯೊಳಗೆ ಕೂತು ಯಾರು ಬರುತ್ತಾರೆಂದು ಕಾದೆವು. ನಾಲ್ಕು ಜನ ಬಂದರು. ಮರುವರ್ಷ ನಾವೇ ಹೊರಟ ಮೇಲೆ ಎಣಿಸುವುದನ್ನು ಬಿಟ್ಟೆವು. ಎಲೆಗೆ ಸಂಜೆಯ ಹೊತ್ತಿಗೆ ರೇಟು ಏರುತ್ತದೆ, ಒಳ್ಳೆಯದೂ ಸಿಗುವುದಿಲ್ಲ. ಮುಂಜಾನೆ ಸಂತೆಯಲ್ಲೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ಸಿವುಡು ಸಾಲುವುದಿಲ್ಲ, ಎರಡು ತನ್ನಿ.